ಮೊದಲು ತಂತಿ, ಆಮೇಲೆ ಯಂತ್ರ

ನಮ್ಮ ಕಾಲೇಜಿನ ಹವ್ಯಾಸಿ ರೇಡಿಯೋ ಸಂಘಕ್ಕೆ ಈ ವರ್ಷವೂ ಸ್ವಲ್ಪ ಹಣ ಬಂದಿದೆ. ಅದರಿಂದ ಇನ್ನೊಂದು ಟ್ರಾನ್ಸೀವರ್ ಕೊಳ್ಳಬೇಕೆಂಬುದು ಹೆಚ್ಚಿನ ಗೆಳೆಯರ ಅಭಿಪ್ರಾಯ. ಅದನ್ನು ನಾನು ಒಪ್ಪಲಾರೆ. ಇತಿಹಾಸ ಓದುವವನಿಗೆ ಏರಿಯಲ್ಲಿನ ಗೊಡವೆ ಏಕೆಂದು ಕೇಳುವವರು ಕ್ಷಮಿಸಬೇಕು. ಕಳೆದ ವರ್ಷದ ಫಜೀತಿಯಲ್ಲಿ ನಾನೂ ಪಾಲುದಾರ.

ಆಗ ಬಂದ ಹಣವನ್ನೆಲ್ಲ ಯಂತ್ರಕ್ಕೇ ಸುರಿದೆವು. ಏರಿಯಲ್ಲಿಗೆ ಉಳಿದದ್ದು ಒಂದು ಸುರುಳಿ ತಂತಿ ಮಾತ್ರ. ಅದನ್ನು ಕಿಟಕಿಯ ಸರಳಿನಿಂದ ಸೈಕಲ್ ಸ್ಟ್ಯಾಂಡಿನ ಮಾಡಿಗೆ ಕಟ್ಟಿದೆವು. ಯಂತ್ರದ ದೀಪ ಚೆನ್ನಾಗಿಯೇ ಬೆಳಗಿತು! ಕೇಳಿಬಂದದ್ದು ಮಾತ್ರ ಎಲ್.ಇ.ಡಿ. ದೀಪಗಳ, ಮೊಬೈಲ್ ಚಾರ್ಜರುಗಳ ಗೊರಗೊರ ಸದ್ದು. ನಡುವೆ ಯಾರೋ ಒಬ್ಬರು ಕ್ಷೀಣವಾಗಿ ಕರೆಯುತ್ತಿದ್ದರು. ಪರವಾನಗಿ ಇದ್ದ ನಮ್ಮ ಮಿತ್ರರು ಎಷ್ಟು ಉತ್ತರ ಕೊಟ್ಟರೂ ಅವರಿಗೆ ಮುಟ್ಟಲಿಲ್ಲ. ಎಲ್ಲರೂ ಯಂತ್ರವನ್ನು ಬೈದೆವು. ಪಾಪ, ಅದರದೇನೂ ತಪ್ಪಿರಲಿಲ್ಲ.

ಲೆಕ್ಕವೇನೂ ಕಠಿನವಲ್ಲ. 143ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಅರ್ಧ ತರಂಗದ ತಂತಿಯ ಉದ್ದ ಮೀಟರುಗಳಲ್ಲಿ ದೊರೆಯುತ್ತದೆ. 7.1 ಮೆಗಾಹರ್ಟ್ಸಿಗೆ ಸುಮಾರು 20 ಮೀಟರು. ಎರಡು ಕಡೆಗೂ ಹತ್ತು ಹತ್ತು ಮೀಟರು ತಾಮ್ರದ ತಂತಿ, ನಡುವೆ ಕೇಬಲ್. ಇದಕ್ಕೆ ಗೋಪುರ ಬೇಕಿಲ್ಲ. ಎಂಟು ಹತ್ತು ಮೀಟರು ಎತ್ತರದಲ್ಲಿ ಕಟ್ಟಿದ ಇಂಥ ತಂತಿಯಿಂದ ಅಲೆಗಳು ಬಹುಪಾಲು ನೇರ ಮೇಲಕ್ಕೆ ಹೋಗಿ, ಅಯಾನುಗೋಳದಿಂದ ಹಿಂದಿರುಗಿ, ಹಗಲಿನಲ್ಲಿ ಸುತ್ತಲಿನ ಕೆಲವು ನೂರು ಕಿಲೋಮೀಟರುಗಳ ಊರುಗಳಲ್ಲಿ ಇಳಿಯುತ್ತವೆ. ಬೀದರದವರೊಡನೆ, ಮಂಗಳೂರಿನವರೊಡನೆ ಮಾತನಾಡಬೇಕೆನ್ನುವ ನಮಗೆ ಇನ್ನೇನು ಬೇಕು?

145 ಮೆಗಾಹರ್ಟ್ಸಿನ ಮಾತು ಬೇರೆ. ಅಲ್ಲಿ ಎತ್ತರವೂ ಬೇಕು, ಒಳ್ಳೆಯ ಕೇಬಲ್ಲೂ ಬೇಕು. ಅಗ್ಗದ ತೆಳು ಕೇಬಲ್ಲನ್ನು 30 ಮೀಟರು ಎಳೆದರೆ, ಯಂತ್ರ ಕೊಟ್ಟ ಶಕ್ತಿಯಲ್ಲಿ ಅರ್ಧವೂ ಮೇಲಕ್ಕೆ ತಲಪುವುದಿಲ್ಲ. ಅದೇ ಕೇಬಲ್ 7 ಮೆಗಾಹರ್ಟ್ಸಿನಲ್ಲಿ ನುಂಗುವುದು ಸುಮಾರು ಐದರಲ್ಲೊಂದು ಪಾಲು. ಹೆಚ್ಚು ವಾಟಿನ ಯಂತ್ರ ಕೊಂಡು ಕೇಬಲ್ಲನ್ನು ಬೆಚ್ಚಗಿಡುವುದು ಯಾವ ಜಾಣತನವೋ ನಾನರಿಯೆ. ಅದೂ ಅಲ್ಲದೆ, ಸಂಪರ್ಕ ಸಚಿವಾಲಯದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆದವರು ನಮ್ಮಲ್ಲಿ ಇಬ್ಬರೇ. ಉಳಿದವರೆಲ್ಲ ಆಲಿಸಿಯೇ ಕಲಿಯಬೇಕು. ವಾಟು ಹೆಚ್ಚಿದರೆ ಕಿವಿ ಚುರುಕಾಗುವುದಿಲ್ಲ. ಕಟ್ಟಡದ ಸದ್ದಿನಿಂದ ದೂರವಿರುವ ಏರಿಯಲ್ಲಿನಿಂದ ಆಗುತ್ತದೆ.

ಅರ್ತಿನ ಖರ್ಚನ್ನು ಮಾತ್ರ ಯಾರೂ ಕತ್ತರಿಸಬಾರದು. ಏಪ್ರಿಲ್, ಮೇ ತಿಂಗಳ ಗುಡುಗು ನಮಗೆ ಹೊಸದೇ? ತಾಮ್ರದ ಸರಳನ್ನು ಒದ್ದೆ ಮಣ್ಣಿನಲ್ಲಿ ಇಳಿಸಬೇಕು. ಮೋಡ ಕಟ್ಟಿದೊಡನೆ ಕೇಬಲ್ ಕಳಚಬೇಕು.

ಕಾಲೇಜು ದಿನದ ಪ್ರದರ್ಶನದಲ್ಲಿ ತಂತಿಯನ್ನು ಯಾರು ನೋಡುತ್ತಾರೆ ಎಂದು ಒಬ್ಬರು ಕೇಳಿದರು. ನಿಜ, ಯಾರೂ ನೋಡುವುದಿಲ್ಲ. ಆದರೆ 2004ರ ಡಿಸೆಂಬರ್ 26ರಂದು ಸುನಾಮಿಯಿಂದ ಅಂಡಮಾನಿನ ದೂರವಾಣಿ ಕಡಿದುಹೋದಾಗ, ಭಾರತಿ ಪ್ರಸಾದರ ತಂಡ ಪೋರ್ಟ್ ಬ್ಲೇರಿನಿಂದ ಸುದ್ದಿ ಮುಟ್ಟಿಸಿತು. ಹವ್ಯಾಸಿಗಳೊಡನೆ ಮಾತನಾಡಲೆಂದು ಹೋಗಿದ್ದವರು ಅವರು. ಏರಿಯಲ್ ಮೊದಲೇ ನಿಂತಿತ್ತು. ನಮ್ಮ ಊರಿಗೆ ನೆರೆ ಬಂದ ದಿನ ಸೈಕಲ್ ಸ್ಟ್ಯಾಂಡಿನ ತಂತಿಯನ್ನು ನಂಬೋಣವೇ?

ಶನಿವಾರ ಸಂಘದ ಸಭೆಯಿದೆ. ಪ್ರಿನ್ಸಿಪಾಲರು ಮಹಡಿಯ ಬೀಗದ ಕೈ ಕೊಡಿಸಿದರೆ, ಬಿದಿರಿನ ಗಳುಗಳನ್ನು ನಾನೇ ಊರಿನಿಂದ ತರುತ್ತೇನೆ.