ಫಿಲ್‌ಮೋರ್ ಸಭಾಗೃಹದ ಋಣ

ಸ್ಯಾನ್‌ಫ್ರಾನ್ಸಿಸ್ಕೋ ನಗರದ ಫಿಲ್‌ಮೋರ್ ಸಭಾಗೃಹವೆಂದೊಡನೆ ಹಿಪ್ಪಿಗಳ ನೆನಪಾಗುವುದು ಸಹಜ. 1960ರ ದಶಕದಲ್ಲಿ ಹಿರಿಯರ ಕಟ್ಟುಪಾಡುಗಳನ್ನೂ ವಿಯೆಟ್ನಾಂ ಯುದ್ಧವನ್ನೂ ಧಿಕ್ಕರಿಸಿದ ಅಮೆರಿಕದ ತರುಣರಿಗೆ ಅದು ಆಶ್ರಯಸ್ಥಾನವಾಗಿತ್ತು. ‘ಗ್ರೇಟ್‌ಫುಲ್ ಡೆಡ್’, ‘ಜೆಫರ್ಸನ್ ಏರ್‌ಪ್ಲೇನ್’ ಮೊದಲಾದ ಮೇಳಗಳು ಅಲ್ಲಿ ಹಾಡಿದವು. ಗೋಡೆಗಳ ಮೇಲೆ ಬಣ್ಣದ ಬೆಳಕು ಕುಣಿಯಿತು. ಬಂದವರಿಗೆಲ್ಲ ಸೇಬುಹಣ್ಣು ಧರ್ಮಾರ್ಥವಾಗಿ ದೊರೆಯುತ್ತಿತ್ತು. ಇದೆಲ್ಲ ನಿಜ. ಆದರೆ ಈ ಹೊಸ ಸಂಸ್ಕೃತಿ ಯಾರ ಹಂಗೂ ಇಲ್ಲದೆ ತಾನಾಗಿ ಹುಟ್ಟಿತೆಂಬ ಮಾತನ್ನು ನಾನು ಒಪ್ಪಲಾರೆ.

1912ರಲ್ಲಿ ಕಟ್ಟಿದ ಈ ಸಭಾಗೃಹದ ಸುತ್ತ, ಎರಡನೆಯ ಮಹಾಯುದ್ಧದ ಕಾಲದಿಂದ ಕಪ್ಪುವರ್ಣೀಯರ ದೊಡ್ಡ ಬಡಾವಣೆ ಬೆಳೆದಿತ್ತು. 1950ರ ದಶಕದಲ್ಲಿ ಚಾರ್ಲ್ಸ್ ಸಲಿವನ್ ಎಂಬ ಕಪ್ಪುವರ್ಣೀಯ ಉದ್ಯಮಿ ಅದನ್ನು ಗುತ್ತಿಗೆಗೆ ಹಿಡಿದು, ಜೇಮ್ಸ್ ಬ್ರೌನ್‌ರಂಥ ಗಾಯಕರನ್ನು ಕರೆಸಿದನು. 1965ರ ಡಿಸೆಂಬರ್ 10ರಂದು ಬಿಲ್ ಗ್ರಹಾಮ್ ಅಲ್ಲಿ ತನ್ನ ಮೊದಲ ಕಚೇರಿ ಏರ್ಪಡಿಸಿದುದು, ಪರವಾನಗಿಯಿಲ್ಲದೆ ಉದ್ಯಾನದಲ್ಲಿ ಆಡಿ ಮೊಕದ್ದಮೆಗೆ ಸಿಲುಕಿದ್ದ ನಾಟಕ ತಂಡವೊಂದರ ಸಹಾಯಾರ್ಥ. ನಗರಾಡಳಿತ ಗ್ರಹಾಮನಿಗೆ ನೃತ್ಯದ ಪರವಾನಗಿ ನಿರಾಕರಿಸಿದಾಗ ತನ್ನ ಪರವಾನಗಿಯನ್ನೇ ಬಳಸಿಕೊಳ್ಳಲು ಬಿಟ್ಟವನು ಸಲಿವನ್. 1966ರ ಆಗಸ್ಟ್‌ನಲ್ಲಿ ಆತ ಗುಂಡೇಟಿಗೆ ಬಲಿಯಾದನು. ಬಂಡಾಯದ ಕಥೆ ಹೇಳುವವರು ಆತನ ಹೆಸರೆತ್ತುವುದು ಅಪರೂಪ.

ಗ್ರಹಾಮನು ತರುಣರ ಉತ್ಸಾಹವನ್ನು ಹಣ ಮಾಡಿಕೊಂಡನೆಂದು ಆಕ್ಷೇಪಿಸುವವರುಂಟು. ಹಣ ಮಾಡಿದನು, ದಿಟವೇ. ಆದರೆ ಆ ವೇದಿಕೆಗೆ ಆತ ಯಾರನ್ನು ಕರೆಸಿದನೆಂಬುದನ್ನೂ ನೋಡಬೇಕು. 1966ರ ಡಿಸೆಂಬರ್‌ನಲ್ಲಿ ಓಟಿಸ್ ರೆಡ್ಡಿಂಗ್ ಅಲ್ಲಿ ಹಾಡಿದನು. 1967ರಲ್ಲಿ ಬಿ.ಬಿ. ಕಿಂಗ್ ವೇದಿಕೆಯೇರಿದಾಗ ಬಿಳಿಯ ತರುಣರ ಸಭೆಯೇ ಎದ್ದು ನಿಂತು ಕರತಾಡನ ಮಾಡಿತು. ಆ ಹಿರಿಯ ಗಾಯಕನ ಕಣ್ಣು ತುಂಬಿತು. ತಮ್ಮ ರಾಗಗಳ ಮೂಲ ಯಾರಲ್ಲಿದೆಯೆಂಬುದನ್ನು ತರುಣರು ಅಂದು ಕಣ್ಣಾರೆ ಕಂಡರು. ಆ ಸಭಾಗೃಹದ ನಿಜವಾದ ಸಾಧನೆ ಇದೇ ಎಂದು ನನ್ನ ನಂಬಿಕೆ.

ಆದರೂ ಋಣ ತೀರಿತೆನ್ನಲಾಗದು. ನಗರಸುಧಾರಣೆಯ ಹೆಸರಿನಲ್ಲಿ ಆ ಬಡಾವಣೆಯ ಮನೆಗಳನ್ನೂ ಜಾಝ್ ಸಂಗೀತದ ತಾಣಗಳನ್ನೂ ಕೆಡವಿ ಸಹಸ್ರಾರು ಜನರನ್ನು ಒಕ್ಕಲೆಬ್ಬಿಸಲಾಯಿತು. 1989ರ ಭೂಕಂಪದಲ್ಲಿ ಮುಚ್ಚಿದ್ದ ಸಭಾಗೃಹ 1994ರಲ್ಲಿ ಮತ್ತೆ ತೆರೆದು ಇಂದಿಗೂ ನಡೆಯುತ್ತಿದೆ. ಒಕ್ಕಲೆದ್ದವರಲ್ಲಿ ಬಹುಮಂದಿ ಮರಳಲಿಲ್ಲ. ಹಳೆಯದನ್ನು ಧಿಕ್ಕರಿಸುವ ಹಕ್ಕು ತರುಣರಿಗೆ ಉಂಟು. ತಮಗೆ ಅಂಗಳ ಬಿಟ್ಟುಕೊಟ್ಟವರನ್ನು ಮರೆಯುವ ಹಕ್ಕು ಮಾತ್ರ ಯಾರಿಗೂ ಇಲ್ಲ.