ಮಳೆಯ ವಾರ್ತೆಯನ್ನು ಮಾರಿದವರು

ಮುಂಗಾರಿನ ಆರಂಭದಲ್ಲಿ ಒಂದು ದಿನ ಊರಿಗಾಂ ರೈಲು ನಿಲ್ದಾಣದಲ್ಲಿ ನಾವು ಕುಳಿತಿದ್ದಾಗ, ಬೇತಮಂಗಲದ ಕಡೆಯ ನಮ್ಮ ಹಳೆಯ ಶಿಷ್ಯನೊಬ್ಬನು ಬಳಿಗೆ ಬಂದು, “ಮೇಷ್ಟ್ರೇ, ಮಳೆ ಹೇಳೋದಕ್ಕೂ ಕಂಪೆನಿ ಮಾಡಿ ದುಡ್ಡು ತಗೋತಾರಂತೆ. ನಂಬಬಹುದಾ? ಕಡಲೆಕಾಯಿ ಬೀಜ ಮನೇಲೇ ಇದೆ” ಎಂದು ಕೇಳಿದನು. ರೈಲು ಬಂದುದರಿಂದ ಅಂದು ಅರ್ಧ ಉತ್ತರವನ್ನಷ್ಟೇ ಕೊಟ್ಟೆವು. ಉಳಿದುದನ್ನು ವಾಚಕರ ಮುಂದೆಯೇ ಹೇಳುತ್ತೇವೆ.

ಮಳೆಯನ್ನು ಮುಂದಾಗಿ ತಿಳಿಯುವ ಹಂಬಲವು ನಮ್ಮವರಿಗೆ ಹೊಸದಲ್ಲ. ಕೋಷ್ಠಾಗಾರದಲ್ಲಿ ಮಳೆಯನ್ನಳೆಯುವ ಕುಂಡವನ್ನಿಡಬೇಕೆಂದು ಕೌಟಿಲ್ಯನು ವಿಧಿಸಿದನು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಮೇಘಗರ್ಭದ ಲಕ್ಷಣಗಳನ್ನು ವಿವರಿಸಿ, ಗರ್ಭಧಾರಣೆಯಾದ 195ನೆಯ ದಿನ ಮಳೆಯಾಗುವುದೆಂದು ಲೆಕ್ಕ ಹಾಕಿದನು. ಅಂದಿನ ದೈವಜ್ಞರಿಗೆ ರಾಜಾಶ್ರಯವಿದ್ದಿತು. 1875ರಲ್ಲಿ ಸ್ಥಾಪಿತವಾದ ಭಾರತ ಹವಾಮಾನ ಇಲಾಖೆಗೆ ಸರ್ಕಾರವಿದೆ. ಇಂತಹ ಆಶ್ರಯವಾವುದೂ ಇಲ್ಲದೆ ಮಳೆಯ ವಾರ್ತೆಯನ್ನೇ ಸರಕು ಮಾಡಿಕೊಂಡು ಹೊರಟವರು ಜತಿನ್ ಸಿಂಗ್ ಎಂಬುವರು. ಇವರು ವಾರ್ತಾವೃತ್ತಿಯಿಂದ ಬಂದು 2003ರಲ್ಲಿ ಸ್ಕೈಮೆಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು.

ಇದನ್ನು ಕೊಳ್ಳುವವರಾರು? ಪತ್ರಿಕೆಗಳೂ ದೂರದರ್ಶನ ವಾಹಿನಿಗಳೂ ಕೊಂಡವು. ಗಾಳಿಯಿಂದ ವಿದ್ಯುತ್ತನ್ನು ಪಡೆಯುವ ಕಂಪೆನಿಗಳಿಗೆ ನಾಳೆಯ ಗಾಳಿ ಎಷ್ಟೆಂಬುದು ಇಂದೇ ಬೇಕು. ಬೆಳೆವಿಮೆಯ ಮಾತು ಇನ್ನೂ ಸ್ವಾರಸ್ಯವಾದುದು. ನಮ್ಮ ಕರ್ನಾಟಕದಲ್ಲಿಯೇ 2007ರಲ್ಲಿ ಪ್ರಯೋಗಕ್ಕೆ ಬಂದ ಹವಾಮಾನ ಆಧಾರಿತ ವಿಮೆಯಲ್ಲಿ ಯಾರೂ ಹೊಲವನ್ನು ಬಂದು ನೋಡುವುದಿಲ್ಲ. ಮಳೆಮಾಪಕವು ತೋರಿಸಿದ ಅಂಕಿಯೇ ಪರಿಹಾರವನ್ನು ನಿಶ್ಚಯಿಸುತ್ತದೆ. ಮಾಪಕವು ದೂರದಲ್ಲಿದ್ದರೆ ರೈತನ ಗತಿಯೇನು? ಆದ್ದರಿಂದ ಊರೂರಿಗೆ ಸ್ವಯಂಚಾಲಿತ ಮಾಪಕಗಳು ಬೇಕಾದವು. ಅವುಗಳನ್ನು ನೆಡುವುದೂ ಈ ಸಂಸ್ಥೆಯ ವ್ಯಾಪಾರವಾಯಿತು.

2012ರಿಂದ ಇವರು ಇಡೀ ದೇಶದ ಮುಂಗಾರನ್ನೂ ಹೇಳತೊಡಗಿದರು. ಸರ್ಕಾರಿ ಇಲಾಖೆಯ ಎದುರಿಗೆ ನಿಂತು ಹೀಗೆ ಅಂಕಿಯನ್ನು ಸಾರುವುದು ಸಾಹಸವೇ ಸರಿ. 2015ರಲ್ಲಿ ವಾಡಿಕೆಯ 102 ಪಾಲು ಮಳೆಯೆಂದು ಇವರು ಹೇಳಿದರು. ಇಲಾಖೆಯು ಏಪ್ರಿಲ್‌ನಲ್ಲಿ 93 ಎಂದೂ ಜೂನ್‌ನಲ್ಲಿ 88 ಎಂದೂ ಹೇಳಿತು. ಬಿದ್ದುದು 86. ಪಂಚಾಂಗದ ಮಳೆ ತಪ್ಪಿದರೆ ಕೇಳುವವರಿಲ್ಲ. ಹಣ ಪಡೆದು ಹೇಳಿದವನ ಲೆಕ್ಕವನ್ನು ಮಾತ್ರ ಊರೆಲ್ಲ ಇಟ್ಟಿರುತ್ತದೆ. ಇದು ಒಳ್ಳೆಯದೆಂದೇ ನಮ್ಮ ಮತ.

ಇನ್ನು ಶಿಷ್ಯನ ಪ್ರಶ್ನೆ. ಆ 102 ಆಗಲಿ 88 ಆಗಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಇಡೀ ಭಾರತದ ಸರಾಸರಿಯೇ ಹೊರತು ಬೇತಮಂಗಲದ ಹೊಲದ ಮಾತಲ್ಲ. ನಮ್ಮ ಕೋಲಾರದ ಸೀಮೆಗೆ ಹಿಂಗಾರಿನ ಪಾಲೂ ದೊಡ್ಡದು. ಅದೇ 2015ರ ನವೆಂಬರ್‌ನಲ್ಲಿ ನಮ್ಮ ಜಿಲ್ಲೆಯಲ್ಲಿ ಧಾರಾಳವಾಗಿ ಮಳೆ ಸುರಿದು ಎಷ್ಟೋ ಕೆರೆಗಳಿಗೆ ನೀರು ಬಂದಿತು. ಬಿತ್ತುವವನು ದೇಶದ ಅಂಕಿಯನ್ನು ಬಿಟ್ಟು ತನ್ನ ಹೋಬಳಿಯ ವಾರ್ತೆಯನ್ನು ಕೇಳಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ಮಾಪಕಗಳನ್ನಿಟ್ಟಿದೆ. ಅದರ ‘ವರುಣಮಿತ್ರ’ಕ್ಕೆ ಫೋನು ಮಾಡಿ ಕೇಳುವ ರೈತನು ಸಲಹೆಗೆ ಬೆಲೆ ಕೊಡಬೇಕಾಗಿಲ್ಲ.

ರೈಲಿನ ಗಲಾಟೆಯಲ್ಲಿ ಇಷ್ಟನ್ನು ಹೇಳಲಾಗಲಿಲ್ಲ. ಆತನು ಅರ್ಧ ಬೀಜವನ್ನು ಬಿತ್ತಿ ಅರ್ಧವನ್ನು ಮನೆಯಲ್ಲಿಯೇ ಇಟ್ಟುಕೊಂಡನೆಂದು ಆಮೇಲೆ ತಿಳಿಯಿತು.