ಪಟ್ಟಿಯ ಕೊನೆಯ ಹೆಸರು



ಆಟಿಯ ಮಳೆ ಹಿಡಿಯಿತೆಂದರೆ ನಮ್ಮ ಕಾಸರಗೋಡಿನ ಸೀಮೆಯಲ್ಲಿ ಅಂಗಳಕ್ಕಿಳಿಯುವ ಮಾತಿಲ್ಲ. ಶಾಲೆಯ ಆಟದ ಬಯಲು ಕೆರೆಯಾಗಿರುತ್ತದೆ. ಮಕ್ಕಳ ಕಣ್ಣುಗಳು ಪಾಠಕ್ಕಿಂತ ಹೆಚ್ಚಾಗಿ ಕಿಟಕಿಯ ಹೊರಗೇ ಇರುತ್ತವೆ. ಅಂಥದೊಂದು ಆದಿತ್ಯವಾರ ನನ್ನ ತಂಗಿಯ ಮಗ ನಮ್ಮಲ್ಲಿಗೆ ಬಂದಿದ್ದ. ಅವನು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡುತ್ತಿರುವ ಹುಡುಗ. ರಜೆಗೆಂದು ಊರಿಗೆ ಬಂದವನು. ಜಗಲಿಯಲ್ಲಿ ಕುಳಿತು ಹಲಸಿನ ಹಪ್ಪಳ ಮುರಿಯುತ್ತ, "ಮಾವ, ಇನ್ನೊಂದು ತಿಂಗಳಲ್ಲಿ ಅಲ್ಲಿ ಫುಟ್‌ಬಾಲ್ ಸುರುವಾಗುತ್ತದೆ. ಈ ಸಲ ಟೈಟ್ ಎಂಡ್ ಯಾರೆಂಬುದೇ ಊರಿಡೀ ಮಾತು" ಎಂದ. ಬಳಿಕ ಒಂದು ಹಾಳೆಯಲ್ಲಿ ಹೆಸರುಗಳನ್ನು ಒಂದರ ಕೆಳಗೊಂದು ಬರೆದು ತೋರಿಸಿದ. ಮೊದಲನೆಯವನು ಆಡತಕ್ಕವನು, ಎರಡನೆಯವನು ಅವನಿಗೆ ಬದಲಿ, ಮೂರನೆಯವನು ಕಾಯತಕ್ಕವನು, ಅದರ ಕೆಳಗಿನವರನ್ನು ಕೇಳುವವರೇ ಇಲ್ಲ.

ಪಟ್ಟಿಗಳೊಡನೆ ಮೂವತ್ತು ವರ್ಷ ಬಾಳಿದ ಉಪಾಧ್ಯಾಯ ನಾನು. ಆ ಹಾಳೆಯನ್ನು ಕಂಡೊಡನೆ ಮನಸ್ಸಿಗೆ ಏನೋ ಚುಚ್ಚಿದಂತಾಯಿತು. ಅದರ ಕಾರಣವನ್ನು ಕೊನೆಯಲ್ಲಿ ನಿವೇದಿಸುತ್ತೇನೆ. ಮೊದಲು ಆಟದ ವಿಚಾರ.

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟವು ನಮ್ಮ ಮಕ್ಕಳು ಕಾಲಿನಿಂದ ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಿಯೋ, ಮುಂದಕ್ಕೆ ಎಸೆದೋ ಎದುರಾಳಿಯ ತುದಿಗೆ ಮುಟ್ಟಿಸುವುದು ಅದರ ಗುರಿ. ತಂಡಕ್ಕೆ ಹನ್ನೊಂದು ಮಂದಿ. ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು; ತಪ್ಪಿದರೆ ಚೆಂಡು ಎದುರಾಳಿಯ ಪಾಲು. ಚೆಂಡಿನ ನೇರಕ್ಕೆ ಒಂದು ಸಾಲು ಕಟ್ಟಿ ನಿಲ್ಲುವವರಲ್ಲಿ ನಡುವಿನ ಐವರು ಭಾರಿ ದೇಹದವರು. ಎದುರಾಳಿಯನ್ನು ತಡೆದು ದಾರಿ ಬಿಡಿಸುವುದಷ್ಟೇ ಅವರ ಧರ್ಮ. ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯುವ ಅಧಿಕಾರ ಅವರಿಗಿಲ್ಲ. ದೂರ ಓಡಿ ಚೆಂಡು ಹಿಡಿಯುವವರು ಬೇರೆಯೇ ಇದ್ದಾರೆ. ಅವರು ಹಗುರ ಮೈಯವರು, ವೇಗಿಗಳು.

ಟೈಟ್ ಎಂಡ್ ಎಂಬಾತ ಈ ಎರಡು ಕುಲಗಳ ನಡುವಣ ಮನುಷ್ಯ. ಐವರ ಸಾಲಿಗೆ ತಾಗಿಕೊಂಡೇ, ಅದರ ಕೊನೆಯಲ್ಲಿ ನಿಲ್ಲುತ್ತಾನೆ. ಒಂದು ಸಲ ತನಗಿಂತ ತೂಕದವನನ್ನು ಎದೆಗೊಟ್ಟು ತಡೆಯಬೇಕು. ಮರುಸಲ ಅದೇ ಜಾಗದಿಂದ ಹೊರಟು, ಓಡಿ, ಹಾರಿ, ಚೆಂಡನ್ನು ಹಿಡಿಯಬೇಕು. ನಮ್ಮ ಯಕ್ಷಗಾನದ ಮಾತಿನಲ್ಲಿ ಹೇಳುವುದಾದರೆ, ಒಂದು ಪದ್ಯಕ್ಕೆ ಹಿಮ್ಮೇಳದಲ್ಲಿ ಕುಳಿತು ಮದ್ದಳೆ ನುಡಿಸಿ, ಮರುಪದ್ಯಕ್ಕೆ ಗೆಜ್ಜೆ ಕಟ್ಟಿ ರಂಗಕ್ಕೆ ಬರುವವನಂತೆ! ಚೆಂಡು ಹಿಡಿದದ್ದನ್ನು ಎಲ್ಲರೂ ಕಾಣುತ್ತಾರೆ, ಅದಕ್ಕೆ ಲೆಕ್ಕವೂ ಉಂಟು. ತಡೆದದ್ದನ್ನು ಕಾಣುವವರು ಕಡಿಮೆ. ಪತ್ರಿಕೆಯ ಅಂಕಿ-ಸಂಖ್ಯೆಗಳಲ್ಲಿ ಅದು ಬರುವುದೂ ಇಲ್ಲ.

ಈ ಸ್ಥಾನಕ್ಕೆ ಆಳುಗಳನ್ನು ತಯಾರಿಸುವುದರಲ್ಲಿ ಅಯೋವಾದ ಹೆಸರು ಆ ದೇಶದಲ್ಲೆಲ್ಲ ಪ್ರಸಿದ್ಧ. ಕರ್ಕ್ ಫೆರೆಂಟ್ಜ್ ಎಂಬವರು ಅಲ್ಲಿ ಮುಖ್ಯ ತರಬೇತುದಾರರಾಗಿ ಬಂದದ್ದು 1999ರಲ್ಲಿ. ಕಾಲೇಜು ಆಟಗಾರರಲ್ಲಿ ಅತ್ಯುತ್ತಮ ಟೈಟ್ ಎಂಡ್‌ಗೆ 2000ರಿಂದ ಪ್ರತಿವರ್ಷ ಕೊಡುತ್ತ ಬಂದ ಜಾನ್ ಮ್ಯಾಕಿ ಪ್ರಶಸ್ತಿಯು 2002ರಲ್ಲಿ ಡಲ್ಲಾಸ್ ಕ್ಲಾರ್ಕ್ ಎಂಬವನಿಗೂ, 2018ರಲ್ಲಿ ಟಿ. ಜೆ. ಹಾಕನ್ಸನ್ ಎಂಬವನಿಗೂ ಸಂದಿತು, ಇಬ್ಬರೂ ಅಯೋವಾದವರು. 2019ರಲ್ಲಿ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಆರಿಸುವಾಗ ಹಾಕನ್ಸನ್ 8ನೆಯವನಾಗಿಯೂ, ಅವನ ಜತೆಗಾರ ನೋವಾ ಫ್ಯಾಂಟ್ 20ನೆಯವನಾಗಿಯೂ ಆಯ್ಕೆಯಾದರು. ಒಂದೇ ಕಾಲೇಜಿನ ಇಬ್ಬರು ಟೈಟ್ ಎಂಡ್‌ಗಳು ಒಂದೇ ವರ್ಷ ಮೊದಲ ಸುತ್ತಿನಲ್ಲೇ ಆಯ್ಕೆಯಾದದ್ದು ಅದೇ ಪ್ರಥಮ. ಹೀಗಿರುವಾಗ ಪ್ರತಿವರ್ಷ ಆಗಸ್ಟ್ ತಿಂಗಳಲ್ಲಿ "ಈ ವರ್ಷದವನು ಯಾರು?" ಎಂದು ಆ ಊರು ಕೇಳುವುದರಲ್ಲಿ ಸೋಜಿಗವಿಲ್ಲ.

ಆದರೆ ಆ ಪ್ರಶ್ನೆಗೆ ಆಗಸ್ಟ್ ತಿಂಗಳಲ್ಲಿ ದೊರೆಯುವ ಉತ್ತರವು ಎಷ್ಟು ನಂಬತಕ್ಕದ್ದು? ಇದೇ ನನ್ನ ಜಿಜ್ಞಾಸೆ.

ಡಲ್ಲಾಸ್ ಕ್ಲಾರ್ಕನ ಕಥೆಯನ್ನು ಕೇಳಿ. ಅಯೋವಾದ ಲಿವರ್ಮೋರ್ ಎಂಬ ಸಣ್ಣ ಊರಿನ ಹುಡುಗ. 1998ರಲ್ಲಿ, ಪ್ರೌಢಶಾಲೆ ಮುಗಿಯುವ ಹೊತ್ತಿಗೆ ತಾಯಿಯನ್ನು ಕಳೆದುಕೊಂಡ. ವಿಶ್ವವಿದ್ಯಾಲಯವು ಅವನನ್ನು ಆಟಕ್ಕೆಂದು ಕರೆದಿರಲಿಲ್ಲ, ವಿದ್ಯಾರ್ಥಿವೇತನವನ್ನೂ ಕೊಟ್ಟಿರಲಿಲ್ಲ. ತಾನಾಗಿಯೇ ನಡೆದು ಬಂದು ತಂಡದ ಬಾಗಿಲು ತಟ್ಟಿದವನು. ಇಂಥವರನ್ನು ಅಲ್ಲಿ 'ವಾಕ್-ಆನ್' ಎನ್ನುತ್ತಾರೆ. ತಂಡ ಆಡುವ ಕಿನಿಕ್ ಕ್ರೀಡಾಂಗಣದ ಹುಲ್ಲು ಕತ್ತರಿಸುವ ಕೂಲಿಯನ್ನೂ ಅವನು ಮಾಡಿದ್ದನಂತೆ. ಮೊದಲು ಅವನನ್ನು ನಿಲ್ಲಿಸಿದ್ದು ರಕ್ಷಣೆಯ ಕಡೆಯಲ್ಲಿ. ಬಳಿಕ ತರಬೇತುದಾರರು ಅವನ ಮೈಕಟ್ಟನ್ನೂ ಕೈಯನ್ನೂ ಕಂಡು ಟೈಟ್ ಎಂಡ್ ಸ್ಥಾನಕ್ಕೆ ತಂದರು. 2002ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದೆದುರು ಚೆಂಡು ಹಿಡಿದು 95 ಗಜದ ಆಟದಲ್ಲಿ ತುದಿ ಮುಟ್ಟಿಸಿದ. ಆ ವರ್ಷ ತಂಡವು ತನ್ನ ವರ್ಗದ ಎಂಟು ಪಂದ್ಯಗಳನ್ನೂ ಗೆದ್ದಿತು. ಕ್ಲಾರ್ಕನಿಗೆ ಮ್ಯಾಕಿ ಪ್ರಶಸ್ತಿ ಬಂತು. ಮರುವರ್ಷ ಮೊದಲ ಸುತ್ತಿನಲ್ಲೇ ವೃತ್ತಿಪರ ತಂಡಕ್ಕೆ ಆಯ್ಕೆಯಾದ. 1998ರ ಆಗಸ್ಟ್ ತಿಂಗಳ ಯಾವ ಟೈಟ್ ಎಂಡ್ ಪಟ್ಟಿಯಲ್ಲಿ ಅವನ ಹೆಸರಿತ್ತು?

ಜಾರ್ಜ್ ಕಿಟಲ್ ಇನ್ನೊಬ್ಬ. ಕಾಲೇಜಿನ ಅಷ್ಟೂ ವರ್ಷಗಳಲ್ಲಿ ಅವನು ಹಿಡಿದ ಚೆಂಡುಗಳು ಕೇವಲ 48. ಅಂಕಿ-ಸಂಖ್ಯೆಗಳನ್ನು ನೋಡಿ ತೂಗುವವರಿಗೆ ಅವನಲ್ಲಿ ವಿಶೇಷವೇನೂ ಕಾಣದು. 2017ರ ಆಯ್ಕೆಯಲ್ಲಿ ಐದನೆಯ ಸುತ್ತಿನವರೆಗೆ ಕಾದು, 146ನೆಯವನಾಗಿ ಸ್ಯಾನ್ ಫ್ರಾನ್ಸಿಸ್ಕೋ ತಂಡ ಸೇರಿದ. ಮರುವರ್ಷವೇ, 2018ರಲ್ಲಿ, ಒಂದೇ ಋತುವಿನಲ್ಲಿ 1,377 ಗಜ ಗಳಿಸಿ ಟೈಟ್ ಎಂಡ್‌ಗಳ ಅಂದಿನ ದಾಖಲೆಯನ್ನೇ ಮುರಿದ. ಅಯೋವಾದಲ್ಲಿ ಚೆಂಡು ಹಿಡಿಯದ ಆ ಗಳಿಗೆಗಳಲ್ಲಿ ಅವನೇನು ಮಾಡುತ್ತಿದ್ದ? ತಡೆಯುತ್ತಿದ್ದ. ಲೆಕ್ಕಕ್ಕೆ ಬಾರದ ಆ ಕೆಲಸವನ್ನು ಕಲಿತದ್ದರಿಂದಲೇ ಅವನು ಒಂದು ಗಳಿಗೆಯೂ ಅಂಕಣದಿಂದ ಹೊರಗೆ ಕೂರಬೇಕಾಗಿ ಬರಲಿಲ್ಲವೆಂದು ಬಲ್ಲವರು ಹೇಳುತ್ತಾರೆ.

ಪಟ್ಟಿಯ ಕೊನೆಯವರು ಹೀಗೆ ಮೇಲೆದ್ದರೆ, ಮೊದಲಿನವರ ಪಾಡು ಇನ್ನೊಂದು ಬಗೆ. 2023ರ ಋತುವಿಗೆ ಮುನ್ನ ಅಯೋವಾದ ಟೈಟ್ ಎಂಡ್ ಪಟ್ಟಿಯಷ್ಟು ಪುಷ್ಟವಾದ ಪಟ್ಟಿಗಳು ದೇಶದಲ್ಲಿ ಕೆಲವೇ. ಸ್ಯಾಮ್ ಲಾಪೋರ್ಟಾ ಆಗತಾನೇ ವೃತ್ತಿಪರ ಆಟಕ್ಕೆ ತೆರಳಿದ್ದನಾದರೂ, ಅನುಭವಿ ಲ್ಯೂಕ್ ಲಶೇ ಇದ್ದ. ಮಿಶಿಗನ್ ವಿಶ್ವವಿದ್ಯಾಲಯವನ್ನು ಬಿಟ್ಟು ಬಂದ ಎರಿಕ್ ಆಲ್ ಜತೆಗೂಡಿದ್ದ. ಜನ ನಿಶ್ಚಿಂತರಾಗಿದ್ದರು. ಮೂರನೆಯ ಪಂದ್ಯದಲ್ಲಿ ಲಶೇಯ ಕಾಲಿಗೆ ಪೆಟ್ಟು ಬಿತ್ತು. ಆ ವರ್ಷ ಮತ್ತೆ ಆಡಲಿಲ್ಲ. ಅಕ್ಟೋಬರ್ ತಿಂಗಳಲ್ಲಿ ಆಲ್‌ನ ಮೊಣಕಾಲಿನ ಕಟ್ಟು ಹರಿಯಿತು, ಅವನೂ ಹೊರಗೆ. ಎರಡು ತಿಂಗಳೊಳಗೆ ಪಟ್ಟಿಯ ಮೊದಲ ಎರಡು ಹೆಸರುಗಳೂ ಅಳಿಸಿದವು. ತಂಡದ ಆಕ್ರಮಣವು ಗಜಗಳ ಲೆಕ್ಕದಲ್ಲಿ ದೇಶಕ್ಕೇ ಕಡೆಯದಾಯಿತು. ಆದರೂ ರಕ್ಷಣೆಯ ಬಲದಿಂದ, ಕಾಯುತ್ತ ಕುಳಿತಿದ್ದ ಹುಡುಗರ ನೆರವಿನಿಂದ, ಆ ತಂಡ ಹತ್ತು ಪಂದ್ಯಗಳನ್ನು ಗೆದ್ದಿತು. ಪಟ್ಟಿಯ ಕೆಳಗಿನ ಹೆಸರುಗಳು ಬರೀ ಶೋಭೆಗಲ್ಲವೆಂಬುದಕ್ಕೆ ಇದಕ್ಕಿಂತ ದೃಷ್ಟಾಂತ ಬೇಕೆ?

ಗಾಯದ ಮಾತು ಬಂದುದರಿಂದ ಇನ್ನೊಂದು ಸಂಗತಿ. ಯಾವ ಮಹಾನುಭಾವನ ಹೆಸರಿನಲ್ಲಿ ಆ ಪ್ರಶಸ್ತಿಯಿದೆಯೋ ಆ ಜಾನ್ ಮ್ಯಾಕಿ ತನ್ನ ಕಾಲದ ಅಗ್ರಗಣ್ಯ ಟೈಟ್ ಎಂಡ್. ಆಟಗಾರರ ಸಂಘದ ಅಧ್ಯಕ್ಷನಾಗಿ ಅವರ ಹಕ್ಕುಗಳಿಗಾಗಿ ಹೋರಾಡಿದವನು. ನಡುವಯಸ್ಸು ದಾಟುತ್ತಲೇ ಅವನಿಗೆ ಮರೆವಿನ ರೋಗ ಹಿಡಿಯಿತು. ಅವನ ಹೆಂಡತಿ ಬರೆದ ಪತ್ರದ ಫಲವಾಗಿ, ಅಂಥ ರೋಗಕ್ಕೆ ತುತ್ತಾದ ಹಳೆಯ ಆಟಗಾರರ ಶುಶ್ರೂಷೆಗೆ 2007ರಲ್ಲಿ ಒಂದು ಯೋಜನೆ ಏರ್ಪಟ್ಟಿತು. ಅವನು ತೊಡುತ್ತಿದ್ದ ಅಂಗಿಯ ಸಂಖ್ಯೆಯಾದ 88 ಎಂಬುದೇ ಅದರ ಹೆಸರು. 2011ರಲ್ಲಿ ಅವನು ತೀರಿಕೊಂಡ. ಎದೆಗೂ ತಲೆಗೂ ಪೆಟ್ಟು ತಿನ್ನುವ ಸ್ಥಾನವದು. ಹುಡುಗರ ಭವಿಷ್ಯವನ್ನು ತೂಗುವಾಗ ತಕ್ಕಡಿಯ ಈ ತಟ್ಟೆಯನ್ನೂ ನೋಡತಕ್ಕದ್ದು.

ಈಗ ಅಲ್ಲಿ ನಿಯಮಗಳು ಬದಲಾಗಿವೆ. 2021ರ ಜುಲೈಯಿಂದ ಕಾಲೇಜು ಆಟಗಾರರು ತಮ್ಮ ಹೆಸರನ್ನೂ ಭಾವಚಿತ್ರವನ್ನೂ ಬಳಸಿಕೊಳ್ಳುವವರಿಂದ ಹಣ ಪಡೆಯಬಹುದು. 2025ರ ಜೂನ್ ತಿಂಗಳಲ್ಲಿ ನ್ಯಾಯಾಲಯವು ಒಪ್ಪಿದ ಒಂದು ರಾಜಿಯ ಮೇರೆಗೆ ಕಾಲೇಜುಗಳೇ ಅವರಿಗೆ ನೇರವಾಗಿ ಹಣ ಕೊಡಬಹುದು. ಮೈ ಸವೆಸುವವನಿಗೆ ಕೂಲಿ ಸಲ್ಲುವುದು ನ್ಯಾಯವೇ. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅದೇ ರಾಜಿಯಲ್ಲಿ ಇನ್ನೊಂದು ಷರತ್ತುಂಟು: ಒಪ್ಪಿದ ಕಾಲೇಜುಗಳ ಫುಟ್‌ಬಾಲ್ ತಂಡದಲ್ಲಿ 105 ಮಂದಿಗಿಂತ ಹೆಚ್ಚು ಇರಕೂಡದು. ಹಿಂದೆ ವಿದ್ಯಾರ್ಥಿವೇತನಕ್ಕೆ ಮಾತ್ರ 85 ಎಂಬ ಮಿತಿಯಿತ್ತು. ಸ್ವಂತ ಖರ್ಚಿನಲ್ಲಿ ಬಂದು ಸೇರುವವರನ್ನು ತಡೆಯುವ ಇಂಥ ಕಟ್ಟು ಇರಲಿಲ್ಲ. ಆಗಲೇ ತಂಡದಲ್ಲಿದ್ದವರಿಗೆ ವಿನಾಯಿತಿ ಕೊಟ್ಟರೇನೋ ನಿಜ. ಮುಂದೆ ಬರುವವರಿಗೆ ಬಾಗಿಲು ಕಿರಿದಾಯಿತು. ಹುಲ್ಲು ಕತ್ತರಿಸುತ್ತ ಅವಕಾಶ ಕಾಯುವ ಇನ್ನೊಬ್ಬ ಕ್ಲಾರ್ಕನು 106ನೆಯವನಾಗಿ ಬಂದರೆ ಅವನಿಗೆ ಎಲ್ಲಿ ಜಾಗ?

ಇದನ್ನೆಲ್ಲ ಕೇಳುತ್ತಿರುವಾಗ ನನ್ನ ಮನಸ್ಸನ್ನು ಚುಚ್ಚಿದ ಸಂಗತಿಯನ್ನು ಇನ್ನು ಹೇಳಲೇಬೇಕು.

ಬಹಳ ವರ್ಷಗಳ ಹಿಂದೆ, ಏಳನೆಯ ತರಗತಿಯ ವಿದ್ಯಾರ್ಥಿವೇತನ ಪರೀಕ್ಷೆಗೆಂದು ನಾನು ಎಂಟು ಮಕ್ಕಳನ್ನು ಆರಿಸಿ, ಸಂಜೆ ಪ್ರತ್ಯೇಕ ಪಾಠ ಹೇಳುತ್ತಿದ್ದೆ. ಪಟ್ಟಿಯನ್ನು ಅಂಕಗಳ ಆಧಾರದಿಂದಲೇ ಮಾಡಿದ್ದೆ, ಪಕ್ಷಪಾತವಿರಲಿಲ್ಲ. ಮೂರನೆಯ ದಿನ ಒಬ್ಬ ಹುಡುಗ ಬಾಗಿಲಲ್ಲಿ ಬಂದು ನಿಂತ. ಬೆಳಗ್ಗೆ ತೋಟದಲ್ಲಿ ಅಡಕೆ ಹೆಕ್ಕಿ, ತಮ್ಮಂದಿರನ್ನು ಅಂಗನವಾಡಿಗೆ ಬಿಟ್ಟು, ದಿನವೂ ತಡವಾಗಿ ಶಾಲೆಗೆ ಬರುವವನು. "ಮಾಸ್ಟ್ರೇ, ನಾನು ಹಿಂದೆ ಕೂತು ಕೇಳಲಾ?" ಎಂದ. ನಾನು ತಲೆಯೆತ್ತದೆ, "ಪಟ್ಟಿ ಆಗಿದೆ ಮಗಾ" ಎಂದೆ. ಬೆಂಚಿನಲ್ಲಿ ಜಾಗವಿತ್ತು. ಅವನು ಕೂತಿದ್ದರೆ ಸರಕಾರಕ್ಕೂ ನನಗೂ ಒಂದು ಕಾಸಿನ ವೆಚ್ಚವಿರಲಿಲ್ಲ. ಅವನು ಇನ್ನೊಮ್ಮೆ ಕೇಳಲಿಲ್ಲ. ಹತ್ತನೆಯ ತರಗತಿ ಮುಗಿಸದೆ ಮಂಗಳೂರಿನ ಹೋಟೆಲೊಂದಕ್ಕೆ ಕೆಲಸಕ್ಕೆ ಹೋದ.

ಕಳೆದ ವರ್ಷ ಅವನು ತನ್ನ ಮಗಳನ್ನು ನಮ್ಮ ಶಾಲೆಗೆ ಸೇರಿಸಲು ಬಂದ. ನಗುನಗುತ್ತ ನಮಸ್ಕರಿಸಿದ. ಅವನಿಗೆ ಆ ಸಂಜೆಯ ನೆನಪಿತ್ತೋ ಇಲ್ಲವೋ, ನಾನು ಕೇಳಲಿಲ್ಲ; ಕೇಳುವ ಧೈರ್ಯ ನನಗಿರಲಿಲ್ಲ. ಅವನು ಕುಳಿತಿದ್ದರೆ ದೊಡ್ಡವನಾಗುತ್ತಿದ್ದನೆಂದು ನಾನು ಹೇಳುವುದಿಲ್ಲ. ಹಾಗೆ ಹೇಳುವುದೂ ಇನ್ನೊಂದು ಪಟ್ಟಿ ಮಾಡಿದಂತೆಯೇ. ಆಗಬಹುದಿತ್ತೋ ಏನೋ ಎಂಬುದನ್ನು ತಿಳಿಯುವ ದಾರಿಯನ್ನೇ ನಾನು ಮುಚ್ಚಿದೆ. ಅದು ನನ್ನ ತಪ್ಪು.

ಅಧ್ಯಾಪಕ ತರಬೇತಿಯಲ್ಲಿ ನಮಗೆ ಮೌಲ್ಯಮಾಪನದ ವಿಧಾನಗಳನ್ನು ಕಲಿಸಿದರು. ಮೌಲ್ಯಮಾಪನವು ಇಂದಿನ ಮಟ್ಟವನ್ನು ತೋರಿಸೀತು. ನಾಳೆಯ ಮಟ್ಟವನ್ನು ತೋರಿಸದು. ಪಟ್ಟಿ ಮಾಡದೆ ತಂಡವೂ ನಡೆಯದು, ಶಾಲೆಯೂ ನಡೆಯದು. ಮಾಡೋಣ, ಆದರೆ ಪೆನ್ಸಿಲಿನಲ್ಲಿ ಬರೆಯೋಣ. ಕೆಳಗೆ ಎರಡು ಗೆರೆ ಖಾಲಿ ಬಿಡೋಣ.

ಇನ್ನೊಂದು ವಿಚಾರವನ್ನು ಅಳಿಯ ಹೇಳಿದ. ಅದು ನನಗೆ ಬಹಳ ಹಿಡಿಸಿತು. 2021ರಲ್ಲಿ ಆ ಕಿಟಲ್, ಟ್ರಾವಿಸ್ ಕೆಲ್ಸಿ, ಗ್ರೆಗ್ ಓಲ್ಸನ್ ಎಂಬ ಮೂವರು ಸೇರಿ ನ್ಯಾಶ್‌ವಿಲ್ ನಗರದಲ್ಲಿ ಟೈಟ್ ಎಂಡ್‌ಗಳಿಗೆಂದೇ ಬೇಸಗೆಯ ಶಿಬಿರವೊಂದನ್ನು ಆರಂಭಿಸಿದರು. ಋತು ಆರಂಭವಾದರೆ ಒಬ್ಬರನ್ನೊಬ್ಬರು ಸೋಲಿಸಬೇಕಾದ ತಂಡಗಳವರು ಅಲ್ಲಿ ಒಂದೆಡೆ ಕೂಡಿ, ತಮ್ಮ ಗುಟ್ಟುಗಳನ್ನು ಕಿರಿಯರಿಗೆ ಹೇಳಿಕೊಡುತ್ತಾರೆ. 146ನೆಯವನಾಗಿ ಕರೆಸಿಕೊಂಡವನು ಶಾಲೆ ತೆರೆದದ್ದು ನೋಡಿ! ಬಾಗಿಲಲ್ಲಿ ಕಾದವನಿಗೆ ಬಾಗಿಲು ತೆರೆದಿಡುವ ಬುದ್ಧಿ ತಾನಾಗಿ ಬರುತ್ತದೆ.

ಅಳಿಯ ಮರಳಿ ಹೋಗುವ ದಿನ ಆ ಹಾಳೆ ಜಗಲಿಯಲ್ಲೇ ಉಳಿದಿತ್ತು. "ಕೊನೆಯ ಹೆಸರಿನವನು ಯಾರು?" ಎಂದು ಕೇಳಿದೆ. "ಹೊಸಬ ಮಾವ, ಯಾರಿಗೂ ಗೊತ್ತಿಲ್ಲ" ಎಂದ. "ಡಿಸೆಂಬರಿನಲ್ಲಿ ಅವನ ವರ್ತಮಾನ ಬರೆ" ಎಂದು ಹೇಳಿ ಕಳುಹಿಸಿದ್ದೇನೆ. ಈ ವರ್ಷದ ಸಂಜೆಯ ಪಾಠಕ್ಕೂ ಮಕ್ಕಳ ಪಟ್ಟಿ ಸಿದ್ಧವಾಗಿದೆ. ಬಾಗಿಲನ್ನು ಮಾತ್ರ ತೆರೆದೇ ಇಟ್ಟಿದ್ದೇನೆ. ಮಳೆಯ ಇರಚಲು ಒಳಗೆ ಬಂದರೆ ಬರಲಿ.

ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ.